ವಾರಕ್ಕೆ ಐದು ಸಲ ‘ಬಂದೆ’

ನಮ್ಮೂರಿನ ಮದುವೆ ಊಟದಲ್ಲಿ ರಾತ್ರಿ ಎಂಟಕ್ಕೆ ಪಂಕ್ತಿ ಒಂದು ಗಳಿಗೆ ನಿಲ್ಲುತ್ತದೆ. ಸಾರು ಬಡಿಸುವವನು ಸೌಟು ಎತ್ತಿ ಹಿಡಿದು ಇದ್ದಲ್ಲೇ ನಿಲ್ಲುತ್ತಾನೆ. ಕೂತವರಲ್ಲಿ ಅರ್ಧದಷ್ಟು ಜನ ತಲೆಯನ್ನು ಸ್ವಲ್ಪ ವಾರೆ ಮಾಡಿ, ಎಲೆಯನ್ನೇ ನೋಡುತ್ತ, ತಮ್ಮ ತಮ್ಮ ಕಿವಿಗೆ ಬಂದ ಮಾತು ಕೇಳಿಸಿಕೊಳ್ಳುತ್ತಾರೆ. ಆಮೇಲೆ ಜೇಬಿನಿಂದ, ಕೈಚೀಲದಿಂದ, ಸೆರಗಿನ ಗಂಟಿನಿಂದ ಮಾತ್ರೆಗಳು ಹೊರಬರುತ್ತವೆ. ನೀರಿನ ಲೋಟಗಳು ಏಳುತ್ತವೆ, ಇಳಿಯುತ್ತವೆ. ಸೌಟು ಮುಂದಕ್ಕೆ ಹೋಗುತ್ತದೆ. ಬೇರೆ ಊರಿಂದ ಬಂದ ಬೀಗರು ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ.

ಇಲ್ಲಿ ಔಷಧಿ ಕೊಟ್ಟವರ ಮಾತು ತೆಗೆದುಕೊಂಡವರ ಕಿವಿಯಲ್ಲಿ ಉಳಿಯುತ್ತದೆ. ಎಷ್ಟು ಮಾತ್ರೆ, ಯಾವಾಗ, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೊಡುವಾಗ ಹೇಳಿದ್ದೆಲ್ಲ ಹೊತ್ತಿಗೆ ಸರಿಯಾಗಿ ಅದೇ ಧ್ವನಿಯಲ್ಲಿ ಮತ್ತೆ ಕೇಳುತ್ತದೆ. ಕೇಳಿದರೆ ಕೈ ತಾನಾಗಿ ಮಾತ್ರೆಯ ಕಡೆ ಹೋಗುತ್ತದೆ. ಇದಕ್ಕೆ ‘ಮಾತಿಡುವುದು’ ಎನ್ನುತ್ತೇವೆ. ಸಾಮಾನ್ಯ ಫಾರ್ಮಸಿಸ್ಟ್ ಇಟ್ಟ ಮಾತು ಐದು ದಿನ ಇರುತ್ತದೆ. ಜ್ವರ, ಕೆಮ್ಮು, ಭೇದಿಗೆ ಅಷ್ಟು ಸಾಕು. ಹೃದಯ, ಮೂತ್ರಪಿಂಡ, ಮನಸ್ಸು ಇಂಥವಕ್ಕೆ ವರ್ಷಗಟ್ಟಲೆ ಮಾತ್ರೆ ನುಂಗುವವರಿಗೆ ಅದು ಸಾಲದು. ಅವರಿಗೆ ಮಾತಿಡಬೇಕಾದರೆ ವಿಶೇಷ ಪರಿಣತಿ ಮಂಡಳಿಯ ಪರೀಕ್ಷೆ ಪಾಸಾಗಿ, ಆಯಾ ವಿಭಾಗದ ಪ್ರಮಾಣಪತ್ರ ಪಡೆದಿರಬೇಕು. ಅಂಥವರು ಇಟ್ಟ ಮಾತು, ಇನ್ನೊಬ್ಬ ಪ್ರಮಾಣಿತರು ಅದರ ಮೇಲೆ ಹೊಸ ಮಾತಿಡುವ ತನಕ ಇರುತ್ತದೆ. ಇಟ್ಟವರು ಸತ್ತರೂ ಇರುತ್ತದೆ.

ಊರು ಇದಕ್ಕೆ ಹೊಂದಿಕೊಂಡಿದೆ. ನೆಗಡಿಯಾದ ಫಾರ್ಮಸಿಸ್ಟ್ ಅಂಗಡಿ ಮುಚ್ಚುತ್ತಾನೆ, ಇಲ್ಲವಾದರೆ ಆ ನೆಗಡಿ ಜನರ ಕಿವಿಯಲ್ಲಿ ಉಳಿಯುತ್ತದೆ. ಬೆಳಗಿನ ಬಸ್ಸು ಎಂಟೂವರೆಗೆ ಹೊರಡದೆ ಎಂಟು ಮೂವತ್ತೈದಕ್ಕೆ ಹೊರಡುತ್ತದೆ. ಗಂಡಂದಿರನ್ನು ಹೆಂಡಂದಿರು ಹಂಗಿಸುವುದೂ ಹಾಗೆಯೇ: “ಔಷಧಿ ಅಂಗಡಿಯವನ ಮಾತು ತಪ್ಪದೆ ಕೇಳ್ತೀರಿ, ಎದುರಿಗೆ ನಿಂತು ಹೇಳೋ ನನ್ನ ಮಾತು ಮಾತ್ರ ಕಿವಿಗೆ ಬೀಳಲ್ಲ.”

ನನ್ನ ಹೆಸರು ಮಂಗಳಗೌರಿ. ಪೇಟೆ ಬೀದಿಯ ತುದಿಯಲ್ಲಿ ನಮ್ಮ ಔಷಧಿ ಅಂಗಡಿ, ಅದರ ಹಿಂದೆ ಮನೆ. ಎರಡರ ನಡುವೆ ಮಾತಿಡುವ ಚಿಕ್ಕ ಕೋಣೆ. ನನ್ನ ಗಂಡ ತಿಪ್ಪೇಸ್ವಾಮಿ ಹೃದಯ ವಿಭಾಗದ ಪ್ರಮಾಣಪತ್ರ ಪಡೆದಿದ್ದ ಊರಿನ ಒಬ್ಬರೇ ಫಾರ್ಮಸಿಸ್ಟ್. ನಾನೂ ಫಾರ್ಮಸಿ ಓದಿದವಳು, ಆದರೆ ಐದು ದಿನದ ಮಾತಿನವಳು. ಅವರು ಕೋಣೆಯಲ್ಲಿ ರೋಗಿಯ ಎದುರು ಕೂತು, ಮೊದಲು ಹೆಸರು ಹಿಡಿದು ಕರೆದು, ಆಮೇಲೆ ಪ್ರಮಾಣ ಹೇಳುವರು. ರೋಗಿ “ಆಯ್ತು” ಎಂದರೆ ಮಾತು ಮುಗಿಯಿತು. ಹೆಸರಿಗೂ ‘ಆಯ್ತು’ಗೂ ನಡುವೆ ಫಾರ್ಮಸಿಸ್ಟ್ ಬಾಯಲ್ಲಿ ಬಂದದ್ದೆಲ್ಲ ಉಳಿಯುತ್ತದೆ. ಆದ್ದರಿಂದ ಆ ಹೊತ್ತಿನಲ್ಲಿ ಎರಡೂ ಬಾಗಿಲು ಮುಚ್ಚಿರಬೇಕು, ಫ್ಯಾನ್ ನಿಂತಿರಬೇಕು, ಬೇಡದ ಒಂದು ಮಾತೂ ಬೆರೆಯಬಾರದು. ಬೆರೆತರೆ ಅದಕ್ಕೆ ಮಂಡಳಿಯವರು ‘ಬೆರಕೆ ಮಾತು’ ಎನ್ನುತ್ತಾರೆ. ಅದು ಫಾರ್ಮಸಿಸ್ಟ್ ಹೆಸರಿನ ಪಕ್ಕ ದಾಖಲಾಗುವ ತಪ್ಪು.

ಇನ್ನೊಂದು ನಿಯಮವಿದೆ. ಸ್ವಂತದವರಿಗೆ ಮಾತಿಡುವಂತಿಲ್ಲ. ಒಮ್ಮೆ ನನಗೆ ಟೈಫಾಯ್ಡ್ ಆದಾಗ ಎದುರಂಗಡಿಯ ಸಿದ್ದಲಿಂಗಪ್ಪನಿಂದ ಮಾತ್ರೆ ತರಿಸಬೇಕಾಯಿತು. ಐದು ದಿನಕ್ಕೊಮ್ಮೆ ಆತ ಬಂದು ಮಾತಿಟ್ಟು ಹೋಗುವನು. ಹೊತ್ತು ಹೊತ್ತಿಗೆ ನನ್ನ ಕಿವಿಯಲ್ಲಿ ಆತನ ಒಡಕು ಧ್ವನಿ: “ನುಂಗ್ಬೇಕು ತಾಯೀ, ಉಗೀಬಾರ್ದು.” ನನ್ನ ಗಂಡ ಹಾಸಿಗೆಯ ಪಕ್ಕ ಗಂಜಿ ಲೋಟ ಹಿಡಿದು ಕೂತು, “ಏನಂದ ಈಗ? ಹದಿನಾಲ್ಕು ವರ್ಷ ಸಂಸಾರ ಮಾಡಿದೋನು ಹೊರಗೆ, ಸಿದ್ದಲಿಂಗಪ್ಪ ಒಳಗೆ,” ಎನ್ನುತ್ತಿದ್ದರು. ಆಗ ನಕ್ಕಿದ್ದೆ.

ಅವರು ಹೋಗಿ ಮೂರು ವರ್ಷವಾಯಿತು. ಮೆದುಳಿನಲ್ಲಿ ರಕ್ತಸ್ರಾವ, ಎರಡೇ ದಿನ. ಆಗ ಐವತ್ತೊಂದು ವರ್ಷ. ಅವರು ಹೋದ ದಿನ ಊರಿನ ಅರವತ್ತೊಂದು ಜನರ ಕಿವಿಯಲ್ಲಿ ಅವರ ಮಾತು ಇತ್ತು. ಈ ಸಂಖ್ಯೆ ರಿಜಿಸ್ಟರಿನಲ್ಲಿದೆ.

ಹದಿನೈದನೇ ದಿನ ತರಕಾರಿ ತರಲು ಹೋದಾಗ ಸೊಪ್ಪಿನ ಗಂಗಮ್ಮ ಕಟ್ಟು ಬಿಚ್ಚುತ್ತ, “ಇವತ್ತೂ ಬಂದಿದ್ರು ಕಣವ್ವ ನಿಮ್ಮ ಯಜಮಾನ್ರು,” ಎಂದಳು.

“ಏನಂದ್ರು?”

“ಇನ್ನೇನಂತಾರೆ? ಗಂಗಮ್ಮ, ಕೆಂಪು ಮಾತ್ರೆ ಒಂದು, ಹೊಟ್ಟೆ ತುಂಬಿದ ಮೇಲೆ. ಅಷ್ಟೇಯ.”

ಅದಾದ ಮೇಲೆ ಊರಿನಲ್ಲಿ ನಡೆಯುವುದೇ ಕಷ್ಟವಾಯಿತು. ಬ್ಯಾಂಕಿನ ಸಾಲಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಯಾರೋ ತಲೆ ವಾರೆ ಮಾಡಿ ಕೇಳಿಸಿಕೊಳ್ಳುವರು. ಅವರಲ್ಲಿ ಯಾರ ಕಿವಿಯಲ್ಲಿ ನನ್ನ ಗಂಡ ಇದ್ದಾರೆ ಎಂದು ನನಗೆ ಹೆಸರು ಹೆಸರಾಗಿ ಗೊತ್ತಿತ್ತು. ಅರವತ್ತೊಂದು ಜನಕ್ಕೆ ಅವರು ದಿನಾ ಸಿಗುತ್ತಿದ್ದರು. ನನಗಿಲ್ಲ. ಫೋನಿನಲ್ಲಿ ಧ್ವನಿ ಇರಲಿಲ್ಲವೇ ಎಂದು ಕೇಳಬಹುದು. ಅವರಿರುವ ಎರಡು ವೀಡಿಯೋ ಇವೆ, ಎರಡೂ ಮದುವೆಯವು. ಎರಡರಲ್ಲೂ ಅವರ ಬಾಯಿ ಆಡುತ್ತದೆ, ಕೇಳುವುದು ಓಲಗ.

ನಾನು ಹೃದಯ ವಿಭಾಗದ ಪರೀಕ್ಷೆಗೆ ಅರ್ಜಿ ಹಾಕಿದಾಗ ಊರವರು ಒಳ್ಳೆಯದಾಯಿತು ಎಂದರು. ಪ್ರಮಾಣ ಬದಲಾದರೆ ಹೃದ್ರೋಗಿಗಳು ಮೂವತ್ತೆಂಟು ಕಿಲೋಮೀಟರು ದೂರದ ಊರಿಗೆ ಹೋಗಿ ಮಾತಿಡಿಸಿಕೊಂಡು ಬರುತ್ತಿದ್ದರು. ಹಾಗೆ ಹೋದವರು ಮೂರು ವರ್ಷದಲ್ಲಿ ಹದಿನೆಂಟು ಜನ. ಹದಿನೆಂಟು ಕಿವಿಗಳಲ್ಲಿ ತಿಪ್ಪೇಸ್ವಾಮಿ ಮುಗಿದಿದ್ದರು. ಉಳಿದವರು ನಲವತ್ತಮೂರು. ನನ್ನ ಗಂಡನ ಪ್ರಮಾಣಪತ್ರದ ಏಳು ವರ್ಷದ ಅವಧಿ ಬರುವ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುವುದಿತ್ತು. ಅವಧಿ ಮುಗಿಯುವ ಮೊದಲು ಸತ್ತವರ ಮಾತನ್ನೆಲ್ಲ ಬದಲಿಸಬೇಕು ಎಂಬುದು ಮಂಡಳಿಯ ನಿಯಮ. ಊರಿಗೆ ಒಬ್ಬರು ಬೇಕಿತ್ತು, ನಾನು ಮುಂದೆ ಬಂದೆ. ಕಾಣುವುದು ಇಷ್ಟು.

ನಿಜವಾದ ಕಾರಣ ಮಂಡಳಿಯ ಒಂಬತ್ತನೇ ನಮೂನೆಯಲ್ಲಿತ್ತು. ಹೊಸ ಮಾತಿಡುವ ಮೊದಲು ಹಳೆಯ ಮಾತನ್ನು ರೋಗಿಯ ಬಾಯಿಂದ ಹೇಳಿಸಿ, ಒಂದಕ್ಷರ ಬಿಡದೆ ಬರೆದುಕೊಳ್ಳಬೇಕು. ಅದನ್ನು ಕೇಳುವ ಅಧಿಕಾರ ಪ್ರಮಾಣಿತರಿಗೆ ಮಾತ್ರ. ನಲವತ್ತಮೂರು ಜನ ನನ್ನೆದುರು ಕೂತು, ನನ್ನ ಗಂಡ ಏನೆಂದರು ಎಂದು ನನಗೆ ಹೇಳಬೇಕಾಗುತ್ತದೆ. ಹೇಳಿದ ಮೇಲೆ ನಾನು ಅದನ್ನು ಅಳಿಸಬೇಕಾಗುತ್ತದೆ ಎಂಬುದೂ ಗೊತ್ತಿತ್ತು. ಆ ಎರಡನೆಯದನ್ನು ಪರೀಕ್ಷೆ ಮುಗಿಯುವ ತನಕ ಯೋಚಿಸದೆ ಇಟ್ಟುಕೊಂಡಿದ್ದೆ.

ಹತ್ತು ತಿಂಗಳು ಓದಿದೆ. ಬರವಣಿಗೆಯ ಪರೀಕ್ಷೆ ಮೂರು ಗಂಟೆ, ನೂರೈವತ್ತು ಪ್ರಶ್ನೆ. ಅದಾದ ಮೇಲೆ ಬಾಯಿ ಪರೀಕ್ಷೆ. ಹತ್ತು ಜನ ಅಪರಿಚಿತರಿಗೆ ಮಾತಿಡಬೇಕು, ಮೂವತ್ತು ದಿನ ಬಿಟ್ಟು ಮಂಡಳಿಯವರು ಅವರನ್ನು ಕರೆದು ಏನು ಕೇಳಿಸುತ್ತಿದೆ ಎಂದು ವಿಚಾರಿಸುತ್ತಾರೆ. ನನ್ನ ಹತ್ತರಲ್ಲಿ ಹತ್ತೂ ಸರಿ ಇದ್ದವು. ಬರವಣಿಗೆಯಲ್ಲಿ ನೂರಹನ್ನೆರಡನೇ ಪ್ರಶ್ನೆ ಇಂದಿಗೂ ನೆನಪಿದೆ: ಹಳೆಯ ಮಾತು ಕಿವಿಯಲ್ಲಿರುವಾಗ, ಹೊಸ ಪ್ರಮಾಣವನ್ನು ಕೇವಲ ತಿಳಿಸಿ ಹೇಳಿದರೆ ಅಥವಾ ಬರೆದುಕೊಟ್ಟರೆ ರೋಗಿ ಅದನ್ನು ಎಷ್ಟು ದಿನ ಪಾಲಿಸುತ್ತಾನೆ? ಉತ್ತರ: ಒಂದು ದಿನವೂ ಇಲ್ಲ. ನಾನು ಸರಿಯಾಗಿಯೇ ಬರೆದಿದ್ದೆ.

ಫೆಬ್ರುವರಿ ಮೂರರಿಂದ ಒಬ್ಬೊಬ್ಬರನ್ನೇ ಕರೆದೆ. ಗಂಗಮ್ಮ ಮೊದಲನೆಯವಳು. ನಿವೃತ್ತ ತಹಶೀಲ್ದಾರರೊಬ್ಬರು ನನ್ನ ಗಂಡನ ಧ್ವನಿಯನ್ನೇ ಅನುಕರಿಸಲು ಹೋಗಿ ಕೆಮ್ಮಿದರು. ಬಡಗಿಯೊಬ್ಬ, “ಮಾತು ಕೇಳೋದೇ ಬಿಟ್ಟು ಎಷ್ಟೋ ವರ್ಷ ಆಯ್ತಮ್ಮ, ಕೈಯೇ ಹೋಗ್ತದೆ,” ಎಂದು ನಾಳೆ ಗಮನವಿಟ್ಟು ಕೇಳಿ ಬರುತ್ತೇನೆಂದು ಒಂದು ದಿನ ಕಾಲ ಕೇಳಿದ. ಎಲ್ಲರ ಬಾಯಲ್ಲೂ ಬಂದದ್ದು ಹೆಸರು, ಬಣ್ಣ, ಸಂಖ್ಯೆ, ಹೊತ್ತು. ನನ್ನ ಗಂಡ ಬಹಳ ಅಚ್ಚುಕಟ್ಟಿನ ಮನುಷ್ಯರು. ಒಂದಕ್ಷರ ಹೆಚ್ಚಿಗೆ ಆಡಿರಲಿಲ್ಲ. ಮಾರ್ಚ್ ಏಳರ ಹೊತ್ತಿಗೆ ನಲವತ್ತೆರಡು ಹಾಳೆ ತುಂಬಿದವು. ನಲವತ್ತೆರಡು ಕಿವಿಗಳಲ್ಲಿ ನಾನು ಕೂತೆ. ಅವರು ಎದ್ದು ಹೋದರು.

ಉಳಿದದ್ದು ಅಂಬುಜಾಕ್ಷಮ್ಮ ಒಬ್ಬರೇ. ಎಪ್ಪತ್ತನಾಲ್ಕು ವರ್ಷ, ಮದುವೆಯಾದವರಲ್ಲ. ಮೂವತ್ತಮೂರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನಲ್ಲಿ ಯಾರ ಮನೆಗೆ ಎಂಥ ಸುದ್ದಿ ಬಂತೆಂದು ಮೊದಲು ತಿಳಿದವರೂ ಅವರೇ, ಒಬ್ಬರಿಗೂ ಹೇಳದವರೂ ಅವರೇ. ಮೂರು ಸಲ ಹೇಳಿಕಳಿಸಿದರೂ ಅಂಗಡಿಗೆ ಬರಲಿಲ್ಲ. ಮಂಡಿನೋವು ಎಂದರು, ಏಕಾದಶಿ ಎಂದರು, ಮೂರನೆಯ ಸಲ ಏನೂ ಅನ್ನಲಿಲ್ಲ. ಅಷ್ಟರಲ್ಲಿ ಜಿಲ್ಲಾಸ್ಪತ್ರೆಯ ಡಾಕ್ಟರಿಂದ ಚೀಟಿ ಬಂತು. ಅಂಬುಜಾಕ್ಷಮ್ಮನವರ ಮೂತ್ರಪಿಂಡ ನಿಧಾನವಾಗಿದೆ, ಹೃದಯದ ಬಿಳಿ ಮಾತ್ರೆಯನ್ನು ಅರ್ಧಕ್ಕೆ ಇಳಿಸಬೇಕು. ಅದು ಡಿಜಾಕ್ಸಿನ್ ಮಾತ್ರೆ. ವಾರಕ್ಕೆ ಐದು ದಿನ ಕೊಟ್ಟು ಎರಡು ದಿನ ಬಿಡಿಸುತ್ತಾರೆ. ಬೇಕಾದಷ್ಟು ಇದ್ದರೆ ಹೃದಯಕ್ಕೆ ತಾಳ ಕೊಡುತ್ತದೆ. ಮೈಯಲ್ಲಿ ಹೆಚ್ಚಾಗಿ ನಿಂತರೆ ಮೊದಲು ಊಟ ಸೇರುವುದಿಲ್ಲ, ಆಮೇಲೆ ಕಣ್ಣಿಗೆ ಎಲ್ಲ ಹಳದಿ ಕಾಣುತ್ತದೆ, ಆಮೇಲೆ ತಾಳವೇ ತಪ್ಪುತ್ತದೆ.

ಮಾರ್ಚ್ ಒಂಬತ್ತು, ಸೋಮವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ ನಾನೇ ಅವರ ಮನೆಗೆ ಹೋದೆ. ಬಾಗಿಲು ತೆಗೆದವರ ಹಿಂದೆ, ಮೇಜಿನ ಮೇಲೆ ಎರಡು ಲೋಟ ಕಾಫಿ ಇತ್ತು. ಒಂದು ಕುಡಿದು ಮುಗಿದಿತ್ತು, ಇನ್ನೊಂದು ಕೆನೆ ಕಟ್ಟಿತ್ತು.

“ಯಾರಾದ್ರೂ ಬಂದಿದ್ರಾ?” ಎಂದೆ.

“ಇಲ್ಲ. ಕೂತ್ಕೊಳ್ಳಿ.” ಆ ಲೋಟವನ್ನು ಸೆರಗಿನಲ್ಲಿ ಮರೆಮಾಡುವಂತೆ ಎತ್ತಿ ಒಳಗಿಟ್ಟು ಬಂದರು.

ನಾನು ನಮೂನೆ ತೆಗೆದೆ. ಹೊಸ ಪ್ರಮಾಣ ವಿವರಿಸಿದೆ. ಹಳೆಯ ಮಾತು ಹೇಳಿ ಎಂದೆ. ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಯಾವ ಏರಿಳಿತವೂ ಇಲ್ಲದೆ, ಟ್ರಂಕ್ ಕಾಲ್ ಒಪ್ಪಿಸುವವರ ಹಾಗೆ ಹೇಳಿದರು: “ಅಂಬುಜಾಕ್ಷಮ್ಮ, ಬಿಳಿ ಮಾತ್ರೆ ಒಂದು, ಬೆಳಿಗ್ಗೆ ಎಂಟೂವರೆ, ತಿಂಡಿ ಆದ ಮೇಲೆ. ಸೋಮವಾರದಿಂದ ಶುಕ್ರವಾರ. ಶನಿವಾರ, ಭಾನುವಾರ ಬೇಡ.”

ಬರೆದುಕೊಂಡು ಪೆನ್ನಿನ ಮುಚ್ಚಳ ಹಾಕಿದೆ. ಅವರು ಕನ್ನಡಕ ಹಾಕಿಕೊಳ್ಳಲಿಲ್ಲ.

“ಇನ್ನೂ ಇದೆ,” ಎಂದರು.

“ಏನಿದೆ?”

“ಬರೀತೀರೋ, ಬರೀ ಕೇಳ್ತೀರೋ?”

“ಎಲ್ಲಾ ಬರೀಬೇಕು ಅಂಬುಜಾಕ್ಷಮ್ಮ. ನಿಯಮ.”

“ಹಾಗಾದ್ರೆ ಬರ್ಕೊಳ್ಳಿ.” ಅದೇ ಸಮ ಧ್ವನಿಯಲ್ಲಿ ಹೇಳಿದರು: “ಬಂದೆ ಕಣೇ. ನೀನು ಶುರು ಮಾಡು.”

ನಾನು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

ಆರು ವರ್ಷದ ಹಿಂದಿನ ಶ್ರಾವಣವಂತೆ. ಮಳೆಗೆ ಮರ ಉಬ್ಬಿ, ಕೋಣೆಯ ಮನೆ ಕಡೆಯ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ನನ್ನ ಗಂಡ ಪ್ರಮಾಣ ಹೇಳಿ ಮುಗಿಸಿ ಇವರ ‘ಆಯ್ತು’ಗಾಗಿ ಕಾಯುತ್ತಿದ್ದಾಗ, ಒಳಗಿಂದ ನಾನು ಏನೋ ಕೂಗಿದೆನಂತೆ. ಅವರು ಮರೆತು ಉತ್ತರ ಕೊಟ್ಟುಬಿಟ್ಟರು. ಬೇರೆ ಯಾರೇ ಆಗಿದ್ದರೂ ಅಷ್ಟರೊಳಗೆ ‘ಆಯ್ತು’ ಎಂದಿರುತ್ತಿದ್ದರು.

“ನನಗೆ ಅಭ್ಯಾಸ ಹಾಗೆ,” ಎಂದರು ಅಂಬುಜಾಕ್ಷಮ್ಮ. “ಲೈನಿನಲ್ಲಿ ಮಾತು ಪೂರ್ತಿ ಮುಗೀತು ಅಂತ ಖಾತ್ರಿ ಆಗೋ ತನಕ ನಾನು ಬಾಯಿ ಹಾಕೋಳಲ್ಲ. ನಿಮ್ಮ ಯಜಮಾನ್ರ ಮುಖ ಕೆಂಪಗಾಯ್ತು. ‘ಇನ್ನೊಂದ್ಸಲ ಇಡ್ತೀನಿ ಅಮ್ಮಾ’ ಅಂದ್ರು. ನಾನೇ, ‘ಊಟಕ್ಕೆ ಕರೀತಿದಾರೆ, ಹೋಗಿ’ ಅಂದೆ. ಮುಂದಿನ ತಿಂಗಳೂ ಕೇಳಿದ್ರು. ಬೇಡ ಅಂದೆ.”

“ಯಾಕೆ?”

ಅವರು ಬಾಗಿಲ ಕಡೆ ನೋಡಿದರು. “ನನಗೆ ಯಾರೂ ಹಾಗೆ ಅಂದೋರಿಲ್ಲ. ಬಂದೆ ಕಣೇ ಅಂತ. ನಿಮ್ಮ ಗಂಡ ಅಂದಿದ್ದು ನಿಮಗೇ, ನನಗೇನು ಹುಚ್ಚಾ? ಇನ್ನೊಬ್ಬರ ಮಾತು ನನ್ನ ಕಿವಿ ಮೇಲೆ ಹಾದು ಹೋಗೋದು ನನಗೆ ಹೊಸದೂ ಅಲ್ಲ. ಆದ್ರೂ ಐದು ದಿನ ಎರಡು ಲೋಟ ಕಾಫಿ ಬೆರೆಸ್ತೀನಿ. ಶನಿವಾರ, ಭಾನುವಾರ ಒಂದೇ. ನಗಬೇಕು ಅನ್ನಿಸಿದ್ರೆ ನಕ್ಕುಬಿಡಿ.”

ನಾನು ನಗಲಿಲ್ಲ. ಅಂದು ಏನೆಂದು ಕೂಗಿದ್ದೆ ಎಂದು ನೆನಪಿಸಿಕೊಳ್ಳಲು ನೋಡುತ್ತಿದ್ದೆ. ಇಪ್ಪತ್ತೆರಡು ವರ್ಷ ದಿನಾ ಎರಡು ಸಲ ಊಟಕ್ಕೆ ಕರೆದಿದ್ದೆ. ಅದರಲ್ಲಿ ಯಾವುದು ಎಂದು ಹೇಗೆ ಹುಡುಕುವುದು? ನನ್ನ ಕೂಗು ಹೋಗಿದೆ, ಅದಕ್ಕೆ ಬಂದ ಉತ್ತರ ಉಳಿದಿದೆ, ಅದೂ ಇನ್ನೊಬ್ಬರ ಕಿವಿಯಲ್ಲಿ. ನಮ್ಮ ಮಾತಿನಲ್ಲಿ ಇದೊಂದು ಇದೆ. ಎದ್ದು ನಿಲ್ಲುವ ಮೊದಲೇ ‘ಬಂದೆ’ ಎನ್ನುತ್ತೇವೆ. ಬರಲಾಗದೆ ಹೋದವನೂ ‘ಬಂದೆ’ ಎಂದೇ ಹೇಳಿ ಹೋಗಿರುತ್ತಾನೆ. ಆ ಮನೆಯಲ್ಲಿ ನನ್ನ ಗಂಡ ಸೋಮವಾರದಿಂದ ಶುಕ್ರವಾರದ ತನಕ, ಎಂಟೂವರೆಗೆ, ನನಗೆ ಬಂದೆ ಎನ್ನುತ್ತಿದ್ದರು. ಆರು ವರ್ಷದಿಂದ.

ಆ ದಿನವೇ ಹೊಸ ಮಾತಿಡಬೇಕಿತ್ತು. ಚೀಟಿ ಕೈಯಲ್ಲಿತ್ತು. ನಾನು ಫೈಲು ಮುಚ್ಚಿದೆ. “ನಾಳೆಯಿಂದ ಮಾತ್ರೆ ಮುರಿದು ಅರ್ಧ ತಗೊಳ್ಳಿ. ಎರಡು ದಿನದಲ್ಲಿ ಬಂದು ಮಾತು ಬದಲಾಯಿಸ್ತೀನಿ,” ಎಂದೆ.

“ಅರ್ಧ. ಕ್ಯಾಲೆಂಡರಿನಲ್ಲಿ ಬರೆದಿಟ್ಕೋತೀನಿ,” ಎಂದು ಅವರು ಕೂಡಲೇ ಒಪ್ಪಿದರು. ಅಷ್ಟು ಬೇಗ ಒಪ್ಪಿದ್ದರಿಂದಲೇ ನಾನು ಎಚ್ಚರಗೊಳ್ಳಬೇಕಿತ್ತು. ಇಬ್ಬರಿಗೂ ಬೇಕಾದದ್ದು ಒಂದೇ ಆಗಿತ್ತು. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಎರಡು ದಿನ ಹನ್ನೊಂದಾಯಿತು. ಪ್ರತಿ ಬೆಳಿಗ್ಗೆ ಎಂಟೂವರೆಗೆ ನಾನು ಅಂಗಡಿಯ ಕೆಲಸ ಬಿಟ್ಟು ಮಾತಿನ ಕೋಣೆಯಲ್ಲಿ ಗಡಿಯಾರ ನೋಡುತ್ತ ನಿಲ್ಲುತ್ತಿದ್ದೆ. ಈಗ ಅಲ್ಲಿ ಹೇಳುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ. ಶನಿವಾರ, ಭಾನುವಾರ ಗಡಿಯಾರ ನೋಡಲಿಲ್ಲ. ಮಾತ್ರೆಯ ಬಗ್ಗೆ ಯೋಚಿಸಿದಾಗಲೆಲ್ಲ, ಅವರು ಓದುಬರಹ ಬಲ್ಲವರು, ಅರ್ಧವೇ ತೆಗೆದುಕೊಳ್ಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ನೂರಹನ್ನೆರಡನೇ ಪ್ರಶ್ನೆಗೆ ಸರಿ ಉತ್ತರ ಬರೆದವಳು ನಾನೇ.

ಮಾರ್ಚ್ ಹತ್ತೊಂಬತ್ತರ ಸಂಜೆ ಗಂಗಮ್ಮ ಅಂಗಡಿಗೆ ಬಂದಳು. ಅಂಬುಜಾಕ್ಷಮ್ಮನವರ ಮನೆಗೂ ಸೊಪ್ಪು ಕೊಡುವವಳು ಅವಳೇ. “ಆ ಯಮ್ಮನಿಗೆ ಏನೋ ಆಗೈತೆ ನೋಡವ್ವ. ಮೂರು ದಿನದಿಂದ ಸೊಪ್ಪು ಬೇಡ ಅಂತಾರೆ, ವಾಂತಿ ಬಂದಂಗಾಗ್ತದಂತೆ. ಇವತ್ತು ದಂಟಿನ ಸೊಪ್ಪು ಹಿಡ್ಕೊಂಡು, ಯಾಕೆ ಗಂಗಮ್ಮ, ಎಲ್ಲಾ ಹಣ್ಣಾಗಿ ಹಳದಿ ಆಗಿರೋದೇ ತಂದಿದೀಯ ಅಂತ ಬೈದ್ರು. ಹಸಿರು ಸೊಪ್ಪು ಕಣವ್ವ. ಗಿಣಿ ಬಣ್ಣ ಇತ್ತು.”

ಆಗಲೇ ಡಾಕ್ಟರಿಗೆ ಫೋನ್ ಮಾಡಿದೆ. ಇಷ್ಟು ದಿನ ತಡವಾದದ್ದು ಯಾಕೆಂದು ಅವರು ಕೇಳಿದರು. ನನ್ನಿಂದ ಎಂದೆ. ನಾಳೆ ಮಾತ್ರೆ ಮುಟ್ಟಬಾರದು, ಬೆಳಿಗ್ಗೆಯೇ ರಕ್ತಪರೀಕ್ಷೆಗೆ ಕರೆತನ್ನಿ, ಮೊದಲು ಆ ಮಾತು ತೆಗೆಯಿರಿ ಎಂದರು. ಅಂಬುಜಾಕ್ಷಮ್ಮನವರಿಗೆ ಫೋನ್ ಮಾಡಿದೆ. ಎದೆ ಹೇಗಿದೆ, ತಲೆ ಸುತ್ತುತ್ತದೆಯೇ ಎಂದು ಕೇಳಿ, ಈಗಲೇ ಬಂದು ಮಾತು ಬದಲಿಸುತ್ತೇನೆ ಎಂದೆ.

“ಎದೆ ಸರಿ ಇದೆ. ಬೆಳಿಗ್ಗೆ ಬನ್ನಿ,” ಎಂದರು. “ಎಂಟೂವರೆಗೆ ಮುಂಚೆ.”

ಯಾಕೆ ಮುಂಚೆ ಎಂದು ನಾನು ಕೇಳಲಿಲ್ಲ. ಗೊತ್ತಿತ್ತು. ಮಾತ್ರೆಯ ಡಬ್ಬಿಯನ್ನು ಪಕ್ಕದ ಮನೆಯವರ ಕೈಗೆ ಕೊಟ್ಟಿರಿ ಎಂದಷ್ಟೇ ಹೇಳಿದೆ. ಮುಂದಿನ ಮಾತ್ರೆ ಬೆಳಿಗ್ಗೆಗೆ ಇದ್ದದ್ದರಿಂದ ತಪ್ಪೇನಿಲ್ಲ ಎಂದು ಲೆಕ್ಕ ಹಾಕಿಕೊಂಡೆ. ಆ ಲೆಕ್ಕದಲ್ಲೂ ನನ್ನ ಆಸೆ ಸೇರಿತ್ತು.

ಶುಕ್ರವಾರ ಎಂಟೂ ಹತ್ತಕ್ಕೆ ಹೋದೆ. ಅವರ ಮುಖ ಸೊರಗಿತ್ತು. ಡಬ್ಬಿ ಮೇಜಿನ ಮೇಲೆಯೇ ಇತ್ತು. ಪಕ್ಕದ ಮನೆಗೆ ಕೊಟ್ಟಿರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಹತ್ತನೇ ತಾರೀಕಿನಿಂದ ದಿನವೂ ‘ಅರ್ಧ’ ಎಂದು ಕೆಂಪು ಪೆನ್ನಿನಲ್ಲಿ ಬರೆದಿತ್ತು. ಡಬ್ಬಿ ತೆಗೆದು ಎಣಿಸಿದೆ. ಮುರಿದ ಮಾತ್ರೆ ಒಂದೂ ಇರಲಿಲ್ಲ. ಎಂಟು ದಿನ, ಎಂಟು ಇಡೀ ಮಾತ್ರೆ.

“ದಿನಾ ಮುರೀಬೇಕು ಅಂತಾನೇ ಕೈ ಹಾಕ್ತೀನಿ ಮಂಗಳಾ,” ಎಂದರು. ಅವರು ನನ್ನನ್ನು ಹಾಗೆ ಬರಿ ಹೆಸರಿನಿಂದ ಕರೆದದ್ದು ಅದೇ ಮೊದಲು. “ಅವರು ಒಂದು ಅಂತಾರಲ್ಲ.”

“ನಿಮ್ಮ ತಪ್ಪಲ್ಲ. ಅಳಿಸೋಕೆ ಹೆದರಿ ನಾನೇ ಬರಲಿಲ್ಲ.”

“ನಾನೂ ಕರೀಲಿಲ್ಲ.”

ಡಬ್ಬಿಯನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಗಂಟೆ ಎಂಟೂ ಇಪ್ಪತ್ತೆಂಟು ಆಗಿತ್ತು. ಆಗಲೇ ಹೊಸ ಮಾತಿಟ್ಟಿದ್ದರೆ ಸರಿಹೋಗುತ್ತಿತ್ತು. ಇಬ್ಬರೂ ಗಡಿಯಾರ ನೋಡುತ್ತ ಕೂತೆವು. ಅವರು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡು, ಬಲಗೈಯನ್ನು ನನ್ನ ಮುಂದೆ ಚಾಚಿ, “ಗಟ್ಟಿಯಾಗಿ ಹಿಡ್ಕೋ,” ಎಂದರು. ಹಿಡಿದೆ. ಎಂಟೂವರೆಗೆ ಅವರ ತಲೆ ವಾಲಿತು. ಕೈ ಮೇಜಿನ ಕಡೆ ಜಗ್ಗಿತು. ಎಪ್ಪತ್ತನಾಲ್ಕು ವರ್ಷದ, ಮೂರು ದಿನದಿಂದ ಊಟವಿಲ್ಲದ ಕೈಯಲ್ಲಿ ಅಷ್ಟು ಬಲವಿತ್ತು.

“ಹೇಳ್ತಿದಾರೆ,” ಎಂದರು ಕಣ್ಣು ಮುಚ್ಚಿಕೊಂಡು. “ಶನಿವಾರ, ಭಾನುವಾರ ಬೇಡ ಅಂದ್ರು.”

ನಾನು ಬಗ್ಗಿ ನನ್ನ ಕಿವಿಯನ್ನು ಅವರ ಕಿವಿಗೆ ಹಚ್ಚಿದೆ. ಓಲೆ ತಣ್ಣಗೆ ತಾಗಿತು. ಹರಳೆಣ್ಣೆಯ ವಾಸನೆ ಬಂತು. ಅವರ ನಾಡಿ ಬಡಿಯುವುದು ಕೇಳಿಸಿತು, ನಿಧಾನವಾಗಿ, ಒಮ್ಮೆ ಎರಡು ಒಟ್ಟಿಗೆ, ಒಮ್ಮೆ ಬಿಟ್ಟು. ಅಷ್ಟೇ ಕೇಳಿಸಿದ್ದು. ಒಂದು ಬೆರಳಿನಷ್ಟು ದೂರದಲ್ಲಿ ನನ್ನ ಗಂಡ ನನಗೆ ಉತ್ತರ ಕೊಡುತ್ತಿದ್ದರು.

ಅವರ ಕೈ ಸಡಿಲಾಯಿತು. ಮಾತು ಮುಗಿದಿತ್ತು.

ನಾನು ಎದ್ದು ಕಿಟಕಿ ಹಾಕಿದೆ, ಬಾಗಿಲು ಹಾಕಿದೆ, ಫ್ಯಾನ್ ನಿಲ್ಲಿಸಿದೆ. ನೀರು ಕುಡಿದು ಗಂಟಲು ಸರಿಮಾಡಿಕೊಂಡೆ. ಎದುರಿಗೆ ಕೂತು ಮಾತಿಟ್ಟೆ: “ಅಂಬುಜಾಕ್ಷಮ್ಮ, ಬಿಳಿ ಮಾತ್ರೆ ಅರ್ಧ, ಬೆಳಿಗ್ಗೆ ಎಂಟೂವರೆ, ತಿಂಡಿ ಆದ ಮೇಲೆ, ಡಾಕ್ಟರು ಮತ್ತೆ ಶುರು ಮಾಡಿ ಅಂದ ದಿನದಿಂದ. ಸೋಮವಾರದಿಂದ ಶುಕ್ರವಾರ. ಶನಿವಾರ, ಭಾನುವಾರ ಬೇಡ.” ಹೆಚ್ಚಿಗೆ ಒಂದಕ್ಷರ ಆಡಲಿಲ್ಲ. ಅವರು ನನ್ನ ಮುಖ ನೋಡುತ್ತ ಬಹಳ ಹೊತ್ತು ಕೂತರು. ಆಮೇಲೆ “ಆಯ್ತು” ಎಂದರು.

ಮಧ್ಯಾಹ್ನ ಅವರನ್ನು ಆಸ್ಪತ್ರೆಯಲ್ಲಿ ಮಲಗಿಸಿದರು. ನಾಲ್ಕು ದಿನ ಇಟ್ಟುಕೊಂಡು, ಎದೆಬಡಿತ ನೆಟ್ಟಗಾದ ಮೇಲೆ ಕಳಿಸಿದರು. ಹಳದಿ ಹೋಗಲು ಒಟ್ಟು ಒಂಬತ್ತು ದಿನ ಬೇಕಾಯಿತು.

ಒಂಬತ್ತನೇ ನಮೂನೆಯ ನಲವತ್ತಮೂರನೇ ಹಾಳೆಯನ್ನು ನಾನು ಪೂರ್ತಿ ಬರೆದೆ. ಹಳೆಯ ಮಾತು ಎಂಬಲ್ಲಿ ಕೊನೆಯ ಎರಡು ವಾಕ್ಯವನ್ನೂ ಸೇರಿಸಿದೆ. ಬಿಟ್ಟಿದ್ದರೆ ನನ್ನ ಗಂಡನ ಹೆಸರಿಗೆ ಕಳಂಕ ಬರುತ್ತಿರಲಿಲ್ಲ. ಆದರೆ ಇನ್ನು ಮೇಲೆ ಅದು ಇರುವ ಜಾಗ ಆ ಹಾಳೆ ಒಂದೇ. ತಡಕ್ಕೆ ಕಾರಣ ಎಂಬಲ್ಲಿ, ಹನ್ನೊಂದು ದಿನ, ಮಾತು ಅಳಿಸಲು ಮನಸ್ಸಾಗಲಿಲ್ಲ ಎಂದು ಬರೆದು ಸಹಿ ಹಾಕಿದೆ. ಏಪ್ರಿಲ್ ಮೂರನೇ ವಾರ ಮಂಡಳಿಯ ಉತ್ತರ ಬಂತು. ತಿಪ್ಪೇಸ್ವಾಮಿ, ದಿವಂಗತ: ಬೆರಕೆ ಮಾತು ಒಂದು. ಮಂಗಳಗೌರಿ: ಕರ್ತವ್ಯಲೋಪ, ಒಂದು ವರ್ಷ ಬೇರೆ ಪ್ರಮಾಣಿತರ ಮೇಲ್ವಿಚಾರಣೆಯಲ್ಲಿ ಮಾತ್ರ ಮಾತಿಡತಕ್ಕದ್ದು. ಎರಡು ಹೆಸರೂ ಒಂದೇ ಕಾಗದದಲ್ಲಿ, ಒಂದರ ಕೆಳಗೊಂದು ಇದ್ದವು. ಅದನ್ನು ನಿಯಮದಂತೆ ಅಂಗಡಿಯ ಗೋಡೆಗೆ ಅಂಟಿಸಿದೆ. ಸಿದ್ದಲಿಂಗಪ್ಪ ರಸ್ತೆ ದಾಟಿ ಬಂದು, ಕನ್ನಡಕ ಏರಿಸಿ ಓದಿ, “ಪರೀಕ್ಷೆ ಬರೆಯದೆ ಇರೋದೇ ವಾಸಿ ತಾಯೀ. ನನ್ನ ತಪ್ಪೆಲ್ಲ ಐದೈದು ದಿನದ್ದು,” ಎಂದು ಹೋದ.

ಅದರ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಯ ಫೋನ್ ಹೊಡೆದುಕೊಂಡಿತು. ಅಂಬುಜಾಕ್ಷಮ್ಮ.

“ನಿನ್ನ ಮಾತು ಸ್ಪಷ್ಟವಾಗಿದೆ,” ಎಂದರು. “ಸ್ವಲ್ಪ ಗಡಿಬಿಡಿ. ಮುಂದಿನ ಸಲ ನಿಧಾನ ಮಾಡು.”

“ಅರ್ಧವೇ ತಗೊಂಡ್ರಾ?”

“ಅರ್ಧವೇ. ಅದಕ್ಕಲ್ಲ ಫೋನ್ ಮಾಡಿದ್ದು. ಒಂದು ಹೇಳೋದು ಬಿಟ್ಟುಹೋಗಿತ್ತು. ನಮೂನೆಯಲ್ಲಿ ಮಾತು ಬರ್ಕೋಬೇಕು ಅಂದೆಯಲ್ಲ, ಇದು ಮಾತಲ್ಲ, ಅದಕ್ಕೇ ಆಗ ಹೇಳಲಿಲ್ಲ. ನಮಗೆ ಕಲಿಸಿದ್ದೂ ಹಾಗೇ, ಮಾತು ಮಾತ್ರ ದಾಟಿಸು, ಉಳಿದದ್ದು ನಿನಗೆ ಸಂಬಂಧವಿಲ್ಲ ಅಂತ. ಆದ್ರೆ ಅದು ನಿನಗೆ ಸೇರಿದ್ದು, ನನ್ನ ಹತ್ರ ಇರಬಾರದು ಅನ್ನಿಸ್ತು.”

“ಏನು?”

“ಬಂದೆ ಅನ್ನೋಕೆ ಮುಂಚೆ ಅವರು ನಗ್ತಿದ್ರು. ಜೋರಾಗಿ ಅಲ್ಲ. ಮೂಗಿನಲ್ಲಿ, ಒಂದೇ ಸಲ. ನೀನು ಏನಂತ ಕೂಗಿದ್ದೆಯೋ ನನಗೆ ಸ್ಪಷ್ಟವಾಗಿ ಕೇಳಿಸಿರಲಿಲ್ಲ, ಅವರಿಗೆ ಕೇಳಿಸಿತ್ತು. ನಕ್ಕು, ಆಮೇಲೆ ಬಂದೆ ಅಂದ್ರು.”

ಕೌಂಟರಿನ ಆಚೆ ಮೂವರು ಚೀಟಿ ಹಿಡಿದು ನಿಂತಿದ್ದರು. ನಾನು ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು ಗೋಡೆಯ ಕಡೆ ತಿರುಗಿದೆ. ಆ ನಗು ನನಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಬೇರೆ ಯಾರ ಮಾತಿಗೂ ಹಾಗೆ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅಂಬುಜಾಕ್ಷಮ್ಮನವರ ಮನೆಯಲ್ಲಿ ಹಾಲು ಉಕ್ಕುವ ಸದ್ದು ಕೇಳುತ್ತಿತ್ತು. ಅವರು ಎದ್ದು ಹೋಗಲಿಲ್ಲ. ನಾನು ಇಡುವ ತನಕ ಫೋನು ಇಡಲೂ ಇಲ್ಲ.